ಚಿಪ್ಪಿನ ಕಾಲು ಮುರಿದರೆ

ಚಿಪ್ ಅಂದರೆ ತೆಂಗಿನ ಚಿಪ್ಪಲ್ಲ. ಟಿ.ವಿ., ರೇಡಿಯೋ, ಗದ್ದೆಯ ಝಟ್ಕಾ ಬೇಲಿಯ ಪೆಟ್ಟಿಗೆ, ಯಾವುದನ್ನು ಬಿಚ್ಚಿದರೂ ಹಸಿರು ಹಲಗೆಯ ಮೇಲೆ ಜರಿಹುಳದ ಹಾಗೆ ಸಾಲು ಕಾಲಿನ ಕಪ್ಪು ಬಿಲ್ಲೆ ಕಾಣುತ್ತದೆ. ಅದೇ ಚಿಪ್. 1958ರಲ್ಲಿ ಅಮೆರಿಕದ ಜ್ಯಾಕ್ ಕಿಲ್ಬಿ ಮೊದಲನೆಯದನ್ನು ಮಾಡಿ ತೋರಿಸಿದರು. ಹಳೇ ಚಿಪ್ಪುಗಳಲ್ಲಿ ಒಂದು ಕಾಲಿನಿಂದ ಮುಂದಿನ ಕಾಲಿಗೆ 2.54 ಮಿ.ಮೀ. ಈಗ ಕೆಲವದರಲ್ಲಿ ಅರ್ಧ ಮಿ.ಮೀ. ಮಾತ್ರ!

ನಮ್ಮ ಮಲೆನಾಡಿನಲ್ಲಿ ಈ ಕಾಲುಗಳಿಗೆ ಮಳೆಗಾಲವೇ ಶತ್ರು. ತೇವಕ್ಕೆ ಕಿಲುಬು ಹಿಡಿದು ಕಾಲು ಎದ್ದುಬಿಡುತ್ತದೆ, ಇಲ್ಲವೇ ಮುರಿಯುತ್ತದೆ. ಕಳೆದ ವರ್ಷ ಭತ್ತ ತೆನೆ ಬಿಟ್ಟಾಗಲೇ ನಮ್ಮ ಬೇಲಿ ಪೆಟ್ಟಿಗೆ ನಿಂತಿತು. ರಾತ್ರಿಯೆಲ್ಲ ಹಂದಿ ಕಾಟ. ಹೊಸದು ತರಲು ಅಡಿಕೆ ಮಾರುವ ತನಕ ಕಾಯಬೇಕು. ಹಂದಿ ಕಾಯುತ್ತದೆಯೇ? ಸಾಗರದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಮಾವ ಭೂತಗನ್ನಡಿ ಹಿಡಿದು, "ಎಂಟು ಕಾಲಲ್ಲಿ ಒಂದು ಎದ್ದಿದೆ, ಒಂದು ಮುರಿದಿದೆ" ಅಂದರು. ಬೇರೆ ಚಿಪ್ ಹಾಕಿದರೆ ಆಗದೇ ಎಂದು ಕೇಳಿದೆ. ಎಷ್ಟು ಹೊತ್ತಿಗೊಮ್ಮೆ ಹೊಡೆಯಬೇಕೆಂಬ ಲೆಕ್ಕವನ್ನು ತಯಾರಿಸಿದವರು ಅದರೊಳಗೇ ತುಂಬಿಸಿರುತ್ತಾರಂತೆ. ಅಂಗಡಿಯ ಖಾಲಿ ಚಿಪ್ಪಿಗೆ ಆ ಲೆಕ್ಕ ಗೊತ್ತಿರುವುದಿಲ್ಲ.

ಎದ್ದ ಕಾಲು ಸುಲಭ. ಕಿಲುಬು ಉಜ್ಜಿ, ರಾಳ ಹಚ್ಚಿ, ಸೂಜಿಯಿಂದ ಮೆಲ್ಲಗೆ ಒತ್ತಿ ಹಿಡಿದು ಬೆಸುಗೆ ಹಾಕುವುದು. ರಾಳ ಏಕೆ? ಕಲಾಯಿಯವರು ಪಾತ್ರೆಗೆ ನವಸಾಗರ ಹಾಕುತ್ತಿದ್ದುದನ್ನು ನಿಮ್ಮ ಅಜ್ಜಿಯ ಹತ್ತಿರ ಕೇಳಿ. ಲೋಹದ ಕೊಳೆ ಹೋಗದೆ ತವರ ಹಿಡಿಯುವುದಿಲ್ಲ. ಇಲ್ಲಿ ನವಸಾಗರ ಹಾಕಿದರೆ ಅದರ ಉಪ್ಪು ಉಳಿದು ಕಾಲನ್ನೇ ತಿನ್ನುತ್ತದೆ. ಇನ್ನೊಂದು ಸೋಜಿಗ: ತವರ 232 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ 183ಕ್ಕೇ ಕರಗುತ್ತದೆ! ಆದರೂ ಬಿಸಿ ತುದಿಯನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಇಡಬಾರದು. ಹಲಗೆಯ ತಾಮ್ರದ ಗೆರೆಯೇ ಕಿತ್ತು ಬಂದೀತು.

ಮುರಿದ ಕಾಲೇ ಕಷ್ಟ. ಹೊರಗೆ ಚೂರೂ ಉಳಿದಿರಲಿಲ್ಲ. ಮಾವ ಬ್ಲೇಡಿನಿಂದ ಚಿಪ್ಪಿನ ಅಂಚನ್ನು ಸ್ವಲ್ಪ ಸ್ವಲ್ಪವೇ ಕೆರೆದರು. ಕಾಲಿನ ಬೇರು ಒಳಗೆ ಇರುತ್ತದೆ! ಸಾಸಿವೆಗಿಂತ ಚಿಕ್ಕದಾಗಿ ಹೊಳೆಯಿತು. ವೈರಿನಿಂದ ಒಂದೇ ಒಂದು ಎಳೆ ಬಿಡಿಸಿ, ಒಂದು ತುದಿ ಬೇರಿಗೆ, ಇನ್ನೊಂದು ಹಲಗೆಗೆ ಬೆಸೆದರು. ಬೆಸುಗೆ ಪಕ್ಕದ ಕಾಲಿಗೂ ಹರಿಯಿತು. ಹೆಣೆದ ತಾಮ್ರದ ಎಳೆ ಇಟ್ಟು ಬಿಸಿ ಮಾಡಿದರೆ, ಬತ್ತಿ ಎಣ್ಣೆ ಹೀರಿದ ಹಾಗೆ ಹೀರಿಕೊಂಡಿತು.

ನನಗೆ ಮಾತ್ರ ಮುಟ್ಟಲು ಬಿಡಲಿಲ್ಲ. ಬ್ಯಾಟರಿ ತೆಗೆದರೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ, ಜೋರಾಗಿ ಹೊಡೆಯುತ್ತದೆ. ಸೀಸ ವಿಷ, ಆದ್ದರಿಂದ ಕೈ ತೊಳೆಯದೆ ಮಾವ ಚಹಾ ಕೂಡ ಕುಡಿಯಲಿಲ್ಲ. ಆಮೇಲೆ ಬ್ಯಾಟರಿ ಕೊಟ್ಟರು. ಟಕ್, ಟಕ್ ಎಂದಿತು. ಮತ್ತೆ ತೇವ ತಾಗದಿರಲಿ ಎಂದು ಹಲಗೆಗೆ ವಾರ್ನಿಷ್ ಬಳಿದರು.