ಬಾಲಮಂದಿರದ ಮಕ್ಕಳ ಮಾತು ಕೇಳುವವರು ಯಾರು?

ಕೆಲವು ವರ್ಷಗಳ ಹಿಂದೆ ಒಂದು ಬಾಲಮಂದಿರದ ವಾರ್ಷಿಕೋತ್ಸವಕ್ಕೆ ನಮಗೆ ಕರೆ ಬಂದಿತ್ತು. ಮಾವಿನೆಲೆಯ ತೋರಣ, ಮಕ್ಕಳ ಪ್ರಾರ್ಥನೆ, ಗಣ್ಯರ ಭಾಷಣ, ಬಳಿಕ ಪಾಯಸದ ಊಟ. ಪಂಕ್ತಿಯಲ್ಲಿ ನಮ್ಮ ಪಕ್ಕ ಕುಳಿತಿದ್ದ ಎಂಟೊಂಬತ್ತು ವರ್ಷದ ಹುಡುಗನೊಡನೆ, "ಇಲ್ಲಿ ಊಟ ಹೇಗುಂಟು ಮಗಾ?" ಎಂದು ಕೇಳಿದೆವು. ಹುಡುಗ ನಮ್ಮ ಮುಖ ನೋಡಲಿಲ್ಲ. ಆಚೆ ಸಾಲಿಗೆ ಬಡಿಸುತ್ತಿದ್ದ ಮೇಲ್ವಿಚಾರಕರ ಮುಖ ನೋಡಿದ. ಆಮೇಲೆ "ಒಳ್ಳೇದುಂಟು" ಎಂದ. ಮರುದಿನ ನಾವು 'ಅಚ್ಚುಕಟ್ಟಾದ ವ್ಯವಸ್ಥೆ' ಎಂದು ವರದಿ ಬರೆದೆವು. ಅಲ್ಲಿ ಅನ್ಯಾಯ ನಡೆಯುತ್ತಿತ್ತೆಂದು ಹೇಳಲು ನಮ್ಮಲ್ಲಿ ಯಾವ ಆಧಾರವೂ ಇಲ್ಲ. ನಡೆಯುತ್ತಿರಲಿಲ್ಲವೆಂದು ಬರೆಯಲಿಕ್ಕೂ ಇರಲಿಲ್ಲ, ಆದರೂ ಬರೆದೆವು.

ಬಿಹಾರದ ಮುಜಫರಪುರದ ಸುದ್ದಿ ಹೊರಬಿದ್ದಾಗ ನಮಗೆ ಆ ಹುಡುಗನ ನೆನಪಾಯಿತು. 2017ರಲ್ಲಿ ಬಿಹಾರ ಸರಕಾರವು ತನ್ನ ಅನುದಾನದಿಂದ ನಡೆಯುವ ಆಶ್ರಯಧಾಮಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಕೋಶಿಶ್' ತಂಡಕ್ಕೆ ವಹಿಸಿತು. ತಂಡದವರು ತಿಂಗಳುಗಟ್ಟಲೆ ಊರೂರು ತಿರುಗಿ 110 ಸಂಸ್ಥೆಗಳನ್ನು ನೋಡಿದರು. ಅವುಗಳಲ್ಲಿ 17ರ ಕುರಿತು ಗಂಭೀರವಾದ ಆಕ್ಷೇಪವನ್ನೆತ್ತಿದರು. 2018ರ ಏಪ್ರಿಲ್‌ನಲ್ಲಿ ವರದಿ ಸರಕಾರದ ಕೈಸೇರಿತು. ಮುಜಫರಪುರದ ಬಾಲಿಕಾಗೃಹದ ಮೇಲೆ ಪೋಲೀಸು ಕೇಸು ದಾಖಲಾದದ್ದು ಮೇ 31ರಂದು. ವೈದ್ಯಕೀಯ ಪರೀಕ್ಷೆಯಲ್ಲಿ 34 ಮಂದಿ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಖಚಿತವಾಯಿತು. ಸರ್ವೋಚ್ಚ ನ್ಯಾಯಾಲಯವು ವಿಚಾರಣೆಯನ್ನು ದಿಲ್ಲಿಗೆ ವರ್ಗಾಯಿಸಿತು. 2020ರ ಜನವರಿಯಲ್ಲಿ 19 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಮುಖ್ಯ ಆರೋಪಿಗೆ ಜೀವ ಇರುವ ತನಕ ಸೆರೆವಾಸ.

ಈ ಮುಖ್ಯ ಆರೋಪಿ ಯಾರು? 'ಪ್ರಾತಃ ಕಮಲ್' ಎಂಬ ಹಿಂದಿ ದಿನಪತ್ರಿಕೆಯ ಒಡೆಯ. ಪತ್ರಿಕೆಯೂ ಬಾಲಿಕಾಗೃಹವೂ ಒಂದೇ ಆವರಣದಲ್ಲಿದ್ದವು. ಸಣ್ಣ ಊರಿನ ಸಣ್ಣ ಪತ್ರಿಕೆಯವರಾದ ನಾವು ಇದನ್ನು ಓದಿ ಸುಮ್ಮನೆ ಪುಟ ಮಗುಚುವಂತಿಲ್ಲ. ಶಿಕ್ಷೆಗೊಳಗಾದವರಲ್ಲಿ ಇನ್ನು ಯಾರು ಯಾರಿದ್ದರೆಂದು ನೋಡಿದರೆ, ಆಗಿನ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷ, ಮಕ್ಕಳ ರಕ್ಷಣೆಗೆಂದೇ ಸಂಬಳ ಪಡೆಯುತ್ತಿದ್ದ ಅಧಿಕಾರಿ, ಮಕ್ಕಳನ್ನು ನೋಡಿಕೊಳ್ಳಬೇಕಾದ ಗೃಹದ ಹೆಂಗಸರು! ಬೇಲಿಯೇ ಹೊಲ ಮೇಯ್ದದ್ದೆಂದರೆ ಇದು.

ಕಾಯಿದೆಯಲ್ಲಿ ತಪಾಸಣೆಗೆ ಕೊರತೆಯಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಕನಿಷ್ಠ ಮೂವರ ತಂಡ, ಅದರಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿ, ಪ್ರತಿಯೊಂದು ಮಕ್ಕಳ ಮನೆಗೂ ಹೋಗಿ ಒಂದು ವಾರದೊಳಗೆ ವರದಿ ಕೊಡಬೇಕು. ಮಕ್ಕಳ ಕಲ್ಯಾಣ ಸಮಿತಿಯು ತಿಂಗಳಿಗೆ ಎರಡು ಭೇಟಿಗಳನ್ನಾದರೂ ನಡೆಸಬೇಕು. ಕೇಂದ್ರ ಸರಕಾರವು 2016-17ರಲ್ಲಿ ದೇಶದಾದ್ಯಂತ ಎಣಿಸಿದಾಗ ಇಂಥ 9,589 ಮನೆಗಳೂ ಅವುಗಳಲ್ಲಿ 3.7 ಲಕ್ಷಕ್ಕೂ ಹೆಚ್ಚು ಮಕ್ಕಳೂ ಸಿಕ್ಕಿದರು. ಅಷ್ಟು ಮನೆಗಳಿಗೆ ಅಷ್ಟು ಸಲ ಹೋದವರು ಏನು ನೋಡುತ್ತಾರೆಂಬುದೇ ಪ್ರಶ್ನೆ. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ಅಡುಗೆಮನೆಯ ನೆಲ. ಆಫೀಸು ಕೋಣೆಯಲ್ಲಿ ಚಹಾ.

ಕೆಲಸ ಬಲ್ಲವರು ಪುಸ್ತಕವನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ. ಹಾಜರಿಯಲ್ಲಿ ನಲುವತ್ತು ಹೆಸರಿದ್ದು ಬಟ್ಟಲು ಮೂವತ್ತೇ ಇದ್ದರೆ ಯಾಕೆ? ನಿದ್ದೆಯ ಮಾತ್ರೆ ಯಾರ ಚೀಟಿಯ ಮೇಲೆ ಬಂತು? ಕಕ್ಕಸಿಗೆ ಒಳಗಿನ ಚಿಲಕ ಉಂಟೇ? ರಾತ್ರಿ ಯಾರ ಪಾಳಿ? ಇಷ್ಟಾದ ಮೇಲೆ ಸಿಬ್ಬಂದಿಯನ್ನು ಹೊರಗೆ ಕಳುಹಿಸಿ ಮಕ್ಕಳೊಡನೆ ಕುಳಿತುಕೊಳ್ಳುತ್ತಾರೆ. ಆಟ, ಶಾಲೆ, ಊರು ಎಂದು ಮಾತು ತೊಡಗಿ, ಮಗು ತಾನಾಗಿ ಒಂದು ವಾಕ್ಯ ಹೇಳಿದರೆ "ಮತ್ತೆ ಏನಾಯಿತು?" ಎನ್ನುವುದಲ್ಲದೆ, "ಇಂಥವರು ಹೊಡೆದರಾ?" ಎಂದು ಕೇಳಬಾರದು. ಮಗುವಿನ ಬಾಯಿಗೆ ಮಾತು ಹಾಕಿದರೆ ಆಗುವ ಅನಾಹುತಕ್ಕೆ ಅಮೇರಿಕದ ಕ್ಯಾಲಿಫೋರ್ನಿಯದ ಮೆಕ್‌ಮಾರ್ಟಿನ್ ಶಿಶುಶಾಲೆಯ ಪ್ರಕರಣವೇ ಉದಾಹರಣೆ. 1983ರಲ್ಲಿ ಎದ್ದ ಆ ದೂರು 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು; ತನಿಖೆಯವರು ಮಕ್ಕಳನ್ನು ಪ್ರಶ್ನಿಸಿದ ರೀತಿಯೇ ಅದಕ್ಕೆ ದೊಡ್ಡ ಕಾರಣ. ಅಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂಬುದನ್ನು ಬಿಡಿಸಲು ಆಮೇಲೆ ಯಾರಿಂದಲೂ ಆಗಲಿಲ್ಲ.

ಇವೆಲ್ಲಕ್ಕಿಂತ ಕಷ್ಟದ್ದು ಸಂಜೆ ಐದು ಗಂಟೆಯ ಹೊತ್ತು. ತನಿಖೆಯವರು ಜೀಪು ಹತ್ತಿ ಹೊರಡುತ್ತಾರೆ. ಬಾಯಿಬಿಟ್ಟ ಮಗು ಅಲ್ಲಿಯೇ ಉಳಿಯುತ್ತದೆ. ಯಾರ ಮೇಲೆ ದೂರಿತೋ ಅವರ ಕೈಯಿಂದಲೇ ಆ ರಾತ್ರಿ ಅದಕ್ಕೆ ಊಟ. ಆದುದರಿಂದ ಮಗುವನ್ನು ಬೇರೆಡೆಗೆ ಸಾಗಿಸುವ ಏರ್ಪಾಡಾಗದೆ ಕೇಳಿದ್ದನ್ನು ಹೊರಗೆಡಹುವುದು ಅಪಾಯ. ಏರ್ಪಾಡಿಗೆಂದು ಕಾಯುತ್ತ ಕೂರುವುದೂ ಅಪಾಯ. ಮುಜಫರಪುರದಲ್ಲಿ ವರದಿ ಕೈಸೇರಿ ಕೇಸು ದಾಖಲಾಗುವುದಕ್ಕೆ ಒಂದು ತಿಂಗಳಿಗೂ ಹೆಚ್ಚು ಹಿಡಿಯಿತೆಂಬುದನ್ನು ಓದುಗರು ಗಮನಿಸಿರಬಹುದು.

ಇನ್ನು ನಮ್ಮ ಜಿಲ್ಲೆಯ ವಿಚಾರ. ಮುಳ್ಳೇರಿಯದ ಕಡೆಯ ಅಥವಾ ಪೈವಳಿಕೆಯ ಒಂದು ಮಗು ಮನೆಯಲ್ಲಿ ತುಳುವನ್ನೋ ಮರಾಟಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತಿರುತ್ತದೆ. ಅದರ ಹೇಳಿಕೆ ಬರೆದುಕೊಳ್ಳುವ ಅಧಿಕಾರಿ ಬರೆಯುವುದು ಮಲೆಯಾಳದಲ್ಲಿ. ನಮ್ಮ ಮಗು "ಸಂಕಟ ಆಗ್ತದೆ" ಎಂದರೆ ಹೊಟ್ಟೆಯಲ್ಲೋ ಎದೆಯಲ್ಲೋ ಬೇನೆ. ಮಲೆಯಾಳದ ಕಿವಿಗೆ 'ಸಂಕಟ'ವೆಂದರೆ ದುಃಖ. "ಉಪದ್ರ ಕೊಡ್ತಾರೆ" ಎಂದರೆ ನಮ್ಮಲ್ಲಿ ಕೀಟಲೆಯೂ ಆಗಬಹುದು. ಮಲೆಯಾಳದಲ್ಲಿ 'ಉಪದ್ರವಿಚ್ಚು' ಎಂದು ಬರೆದರೆ ಹೊಡೆದದ್ದು, ಕೆಡಿಸಿದ್ದು. ಇದರಿಂದ ಒಂದು ಕಡೆ ನಿಜವಾದ ನೋವು ಬರಿಯ ಬೇಸರವಾಗಿ ಕಡತಕ್ಕೆ ಹೋದೀತು. ಇನ್ನೊಂದು ಕಡೆ ನಿರಪರಾಧಿಯೊಬ್ಬ ಸಿಕ್ಕಿಬಿದ್ದಾನು. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದು ನಾವು ಫಲಕಗಳಿಗಾಗಿ, ಅರ್ಜಿ ನಮೂನೆಗಳಿಗಾಗಿ ಎಷ್ಟೋ ಬರೆದಿದ್ದೇವೆ. ಈ ಮಕ್ಕಳ ಹೇಳಿಕೆಯ ಬಗ್ಗೆ ಬರೆದ ನೆನಪಿಲ್ಲ.

2012ರ ಪೋಕ್ಸೊ ಕಾಯಿದೆಯು ಇದಕ್ಕೆ ದಾರಿ ಮಾಡಿದೆ. ಮಗುವಿಗೆ ತಿಳಿಯದ ಭಾಷೆಯಲ್ಲಿ ದೂರು ಬರೆದುಕೊಳ್ಳುವುದಾದರೆ, ಅಗತ್ಯ ಕಂಡಲ್ಲಿ ಅನುವಾದಕನನ್ನು ಒದಗಿಸಬೇಕು. ಹೇಳಿಕೆ ಪಡೆಯುವ ಪೋಲೀಸರು ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಬಾರದು. 2020ರ ನಿಯಮಗಳಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಅನುವಾದಕರ ಹೆಸರು, ವಿಳಾಸಗಳ ಪಟ್ಟಿ ಇರಬೇಕು. ದೊಡ್ಡ ಪದವಿಯೇ ಬೇಕೆಂದಿಲ್ಲ. ಮಗುವಿನ ಭಾಷೆಯೂ ರಾಜ್ಯಭಾಷೆಯೂ ಬಳಕೆಯಲ್ಲಿರಬೇಕು. ಆ ಭಾಷೆಯ ಪ್ರದೇಶದಲ್ಲಿ ವಾಸವಿದ್ದು ಕಲಿತದ್ದಾದರೂ ಸಾಕು. ಹೇಳಿದ್ದಕ್ಕೆ ಒಂದಕ್ಷರ ಕೂಡಿಸದೆ, ಕಳೆಯದೆ ಅನುವಾದಿಸಬೇಕು, ಪಕ್ಷಪಾತವಿರಕೂಡದು.

ನಿವೃತ್ತ ಅಧ್ಯಾಪಕ, ಅಧ್ಯಾಪಿಕೆಯರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಕನ್ನಡ, ತುಳು, ಮಲೆಯಾಳ ಮೂರನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲವರು. ಅವರು ಆ ಪಟ್ಟಿಯಲ್ಲಿ ತಮ್ಮ ಹೆಸರು ಬರೆಸಬೇಕೆಂದು ನಮ್ಮ ವಿನಂತಿ. ಕುಶಲ ಕಾರ್ಮಿಕನ ಕನಿಷ್ಠ ಕೂಲಿಗೆ ಕಡಿಮೆಯಾಗದ ಸಂಭಾವನೆಯನ್ನೂ ನಿಯಮ ಗೊತ್ತುಮಾಡಿದೆ. ಯಾರಿಗಾದರೂ ಸಂಶಯದ ಸಂಗತಿ ಕಂಡರೆ 1098ಕ್ಕೆ ಫೋನು ಮಾಡಬಹುದು. ಮಗುವಿನ ಹೆಸರು, ಶಾಲೆ, ಊರು ಯಾವುದನ್ನೂ ದಯವಿಟ್ಟು ನಮ್ಮ ಪತ್ರಿಕೆಗೆ ಬರೆದು ಕಳುಹಿಸಬೇಡಿ. ಅಚ್ಚು ಮಾಡಿದರೆ ಅಪರಾಧ, ಮಾಡುವುದೂ ಇಲ್ಲ.

ವಾರ್ಷಿಕೋತ್ಸವದ ಕರೆಯೋಲೆಗಳು ಈಗಲೂ ಬರುತ್ತಿವೆ. ಹೋಗುತ್ತೇವೆ. ಕಾರ್ಯಕ್ರಮ ಎಷ್ಟು ಗಂಟೆಗೆ ತೊಡಗಿತು, ಯಾರು ಮಾತಾಡಿದರು ಎಂದಷ್ಟೇ ಬರೆಯುತ್ತೇವೆ.