ಟೊರೆಂಟಿನ ವೇಗ ಅಪ್‌ಲೋಡಿನಲ್ಲಿದೆ

ಟೊರೆಂಟ್ ತಂತ್ರಾಂಶದ ಸೆಟ್ಟಿಂಗ್ಸ್ ತೆರೆದ ಕೂಡಲೇ ಬಹಳ ಜನ ಕೈ ಹಾಕುವುದು ಅಪ್‌ಲೋಡ್ ಮಿತಿಗೆ. ಬೇಕಾದದ್ದು ಇಳಿಸಿಕೊಳ್ಳುವುದು ತಾನೇ, ನನ್ನ ಡೇಟಾ ಊರವರಿಗೆಲ್ಲ ಯಾಕೆ ಹಂಚಲಿ ಎಂಬ ಲೆಕ್ಕ. ಸೆಕೆಂಡಿಗೆ 1 ಕಿಲೋಬೈಟ್ ಎಂದು ತುಂಬಿ ಓಕೆ ಒತ್ತುತ್ತಾರೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಸೊನ್ನೆ ಹಾಕುತ್ತಾರೆ. ಹಲವು ತಂತ್ರಾಂಶಗಳಲ್ಲಿ ಸೊನ್ನೆ ಎಂದರೆ ಮಿತಿಯೇ ಇಲ್ಲ ಎಂದರ್ಥ! ಒಬ್ಬರು ಏನೂ ಕೊಡುತ್ತಿಲ್ಲ, ಇನ್ನೊಬ್ಬರು ಗೊತ್ತಿಲ್ಲದೆ ಎಲ್ಲವನ್ನೂ ಕೊಡುತ್ತಿದ್ದಾರೆ. ಇಬ್ಬರಿಗೂ ಡೌನ್‌ಲೋಡ್ ಕುಂಟುವುದು ಮಾತ್ರ ಸಮಾನ.

ಇದು ಯಾಕೆ ಹೀಗೆ ಎಂದು ತಿಳಿಯಲು 2001ಕ್ಕೆ ಹೋಗಬೇಕು. ಹಾಡುಗಳನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಂಚುತ್ತಿದ್ದ ನ್ಯಾಪ್‌ಸ್ಟರ್ ಆ ವರ್ಷದ ಜುಲೈನಲ್ಲಿ ಸ್ಥಗಿತಗೊಂಡಿತು. ಯಾರ ಬಳಿ ಏನಿದೆ ಎಂಬ ಪಟ್ಟಿ ಅದರ ಸ್ವಂತ ಸರ್ವರುಗಳಲ್ಲಿತ್ತು. ನ್ಯಾಯಾಲಯ ಅದಕ್ಕೇ ಬೀಗ ಹಾಕಿಸಿತು. ಅದೇ ತಿಂಗಳು ಅಮೆರಿಕದ ಬ್ರಾಮ್ ಕೋಹೆನ್ ಎಂಬ ತಂತ್ರಜ್ಞ ಪೈಥಾನ್ ಭಾಷೆಯಲ್ಲಿ ಬರೆದ ಬಿಟ್‌ಟೊರೆಂಟನ್ನು ಹೊರಬಿಟ್ಟ. ಅವನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಒಂದು ಕಡತಕ್ಕೆ ಬೇಡಿಕೆ ಹೆಚ್ಚಿದಷ್ಟೂ ಅದನ್ನು ಕೊಡುವ ಸರ್ವರ್ ಸೋಲುತ್ತದೆ. ಕೇಳಲು ಬಂದವರನ್ನೇ ಕೊಡುವವರನ್ನಾಗಿ ಮಾಡಿದರೆ?

ಅದಕ್ಕಾಗಿ ಕಡತವನ್ನು ತುಂಡುಗಳಾಗಿ ಕತ್ತರಿಸಲಾಗುತ್ತದೆ. ಒಂದೊಂದು ತುಂಡು ಸಾಮಾನ್ಯವಾಗಿ ಕಾಲು ಮೆಗಾಬೈಟಿನಿಂದ ಕೆಲವು ಮೆಗಾಬೈಟುಗಳಷ್ಟು. ಪ್ರತಿ ತುಂಡಿಗೂ ಎಸ್‌ಎಚ್‌ಎ-1 ಎಂಬ ಗಣಿತ ವಿಧಾನದಿಂದ 20 ಬೈಟಿನ ಗುರುತು ಲೆಕ್ಕ ಹಾಕುತ್ತಾರೆ. ನೀವು ಮೊದಲು ಇಳಿಸಿಕೊಳ್ಳುವ ಪುಟ್ಟ ಟೊರೆಂಟ್ ಕಡತದಲ್ಲಿ ಇರುವುದು ಮುಖ್ಯವಾಗಿ ಈ ಗುರುತುಗಳೇ. ನಿಜವಾದ ಸರಕು ಅದರಲ್ಲಿಲ್ಲ. ಬ್ರೆಜಿಲಿನ ಅಪರಿಚಿತನಿಂದ ಬಂದ ತುಂಡು ಗುರುತಿಗೆ ಹೊಂದದಿದ್ದರೆ ತಂತ್ರಾಂಶ ಅದನ್ನು ಎಸೆದು ಬೇರೆಯವರ ಬಳಿ ಕೇಳುತ್ತದೆ. ಯಾರನ್ನೂ ನಂಬದೆ ಎಲ್ಲರಿಂದಲೂ ಪಡೆಯುವ ಈ ಉಪಾಯ ನನಗೆ ಇಂದಿಗೂ ಸೊಗಸೆನಿಸುತ್ತದೆ. ಆದರೆ ಒಂದು ಎಚ್ಚರಿಕೆ: ತುಂಡು ಟೊರೆಂಟ್ ಕಡತಕ್ಕೆ ಹೊಂದುತ್ತದೆ ಎಂದಷ್ಟೇ ಈ ಪರೀಕ್ಷೆ ಹೇಳುತ್ತದೆ. ಟೊರೆಂಟ್ ಮಾಡಿದವನೇ ವೈರಸ್ ತುಂಬಿದ್ದರೆ ಆ ವೈರಸ್ಸು ಒಂದು ಬಿಟ್ಟೂ ತಪ್ಪದೆ ನಿಮ್ಮ ಮನೆಗೆ ಬರುತ್ತದೆ.

ಈಗ ಕೊಡು–ಕೊಳ್ಳುವ ಮಾತು. ಮಲೆನಾಡಿನ ನಾಟಿ ಕಾಲದ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇವತ್ತು ನಮ್ಮ ಗದ್ದೆಗೆ ಬಂದವರ ಗದ್ದೆಗೆ ನಾಳೆ ನಾವು ಹೋಗುತ್ತೇವೆ, ಬಾರದವರ ಗದ್ದೆಗೆ ಹೋಗುವುದಿಲ್ಲ. ಕೋಹೆನ್ನನ ಮೂಲ ವಿನ್ಯಾಸದಲ್ಲಿ ಪ್ರತಿ ತಂತ್ರಾಂಶವೂ ಸುಮಾರು 10 ಸೆಕೆಂಡಿಗೊಮ್ಮೆ ಲೆಕ್ಕ ತೆಗೆಯುತ್ತದೆ. ತನಗೆ ಹೆಚ್ಚು ವೇಗವಾಗಿ ಕೊಡುತ್ತಿರುವ ಕೆಲವರನ್ನು ಆರಿಸಿ ಅವರಿಗಷ್ಟೇ ತಾನೂ ಕೊಡುತ್ತದೆ, ಉಳಿದವರಿಗೆ ಬಾಗಿಲು ಮುಚ್ಚುತ್ತದೆ. ಹೀಗೇ ಬಿಟ್ಟರೆ ಕೊಡಲು ಇನ್ನೂ ಏನೂ ಇಲ್ಲದ ಹೊಸಬರು ಹೊರಗೇ ಉಳಿಯಬೇಕಾಗುತ್ತದಲ್ಲ? ಅದಕ್ಕಾಗಿ 30 ಸೆಕೆಂಡಿಗೊಮ್ಮೆ ಯಾರಾದರೂ ಒಬ್ಬರಿಗೆ ಲೆಕ್ಕ ನೋಡದೆ ಬಾಗಿಲು ತೆರೆಯಲಾಗುತ್ತದೆ. 1 ಕಿಲೋಬೈಟಿನ ಜಿಪುಣರು ಬದುಕುವುದು ಈ ಔದಾರ್ಯದ ಮೇಲೆಯೇ.

ಹಾಗಿದ್ದರೂ ಏನೂ ಕೊಡದವರಿಗೆ ಕೆಲವೊಮ್ಮೆ ಭರ್ಜರಿ ವೇಗ ಸಿಗುತ್ತದಲ್ಲ ಎಂದರೆ, ನಿಜ. ಕಡತ ಪೂರ್ತಿ ಇಳಿಸಿಕೊಂಡೂ ಹಂಚುತ್ತಲೇ ಇರುವವರನ್ನು ಸೀಡ್ ಎನ್ನುತ್ತಾರೆ. ಅವರಿಗೆ ನಿಮ್ಮಿಂದ ಏನೂ ಬೇಕಿಲ್ಲ, ಹಾಗಾಗಿ ಮುಯ್ಯಿಯ ಲೆಕ್ಕವೂ ಇಲ್ಲ. ಬಿಡುಗಡೆಯಾಗಿ ತಿಂಗಳುಗಳಾದ ಡೆಬಿಯನ್ ಲಿನಕ್ಸಿನ ಟೊರೆಂಟಿನಲ್ಲಿ ಸೀಡ್‌ಗಳೇ ತುಂಬಿರುತ್ತಾರೆ. ಉಬುಂಟುವಿನ ಹೊಸ ಆವೃತ್ತಿ ಬಂದ ದಿನ, ಎಲ್ಲರೂ ಅರ್ಧಂಬರ್ಧ ಹಿಡಿದು ನಿಂತಿರುವಾಗ, ಕೊಟ್ಟು ಪಡೆಯುವವನೇ ಮುಂದೆ ಹೋಗುವುದು.

ಸರಿ, ಹಾಗಾದರೆ ಮಿತಿಯನ್ನೇ ತೆಗೆದುಬಿಡೋಣವೇ? ಅಲ್ಲೊಂದು ತೊಡಕಿದೆ. ಡೌನ್‌ಲೋಡ್ ಎನ್ನುವುದು ಒಮ್ಮುಖ ಸಂಚಾರವಲ್ಲ. ಇಷ್ಟು ತಲುಪಿತು, ಮುಂದಿನದು ಕಳಿಸು ಎಂಬ ಪುಟ್ಟ ರಸೀದಿಗಳು ನಿಮ್ಮ ಕಡೆಯಿಂದ ನಿರಂತರ ಹೊರಡುತ್ತಿರಬೇಕು. ಅಪ್‌ಲೋಡ್ ದಾರಿ ತುಂಬಿದಾಗ ಮೋಡೆಮಿನ ಸ್ಮೃತಿಯಲ್ಲಿ ಸಾಲು ಬೆಳೆಯುತ್ತದೆ, ರಸೀದಿಗಳೂ ಅದೇ ಸಾಲಿನ ಕೊನೆಗೆ ನಿಲ್ಲುತ್ತವೆ. ರಸೀದಿ ಬಾರದೆ ಆಚೆಯವನು ವೇಗ ತಗ್ಗಿಸುತ್ತಾನೆ. ಮನೆಯಲ್ಲಿ ಒಬ್ಬರು ಟೊರೆಂಟ್ ಹಾಕಿದರೆ ಇನ್ನೊಬ್ಬರ ವಿಡಿಯೋ ಕರೆ ತೊದಲುವುದೂ ಇದರಿಂದಲೇ. ದೂರವಾಣಿ ತಂತಿಯ ಹಳೆಯ ಬ್ರಾಡ್‌ಬ್ಯಾಂಡಿನಲ್ಲಿ ಅಪ್‌ಲೋಡ್ ದಾರಿ ತೀರಾ ಕಿರಿದಾಗಿದ್ದರಿಂದ ಈ ಕಾಟ ವಿಪರೀತವಾಗಿತ್ತು. ಫೈಬರ್ ಬಂದ ಮೇಲೆ ಕಡಿಮೆಯಾಗಿದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಈಗಲೂ ಇದೆ.

ಇದಕ್ಕೊಂದು ಚಂದದ ಪರಿಹಾರ ಟೊರೆಂಟ್ ಲೋಕದೊಳಗೇ ಹುಟ್ಟಿತು. ಮ್ಯೂಟಿಪಿ ಎಂಬ ಸಾಗಣೆ ವಿಧಾನ ತನ್ನ ಪೊಟ್ಟಣಗಳು ದಾರಿಯಲ್ಲಿ ಎಷ್ಟು ತಡವಾಗುತ್ತಿವೆ ಎಂದು ಅಳೆಯುತ್ತಲೇ ಇರುತ್ತದೆ. ಕಾಯುವ ಹೊತ್ತು 100 ಮಿಲಿಸೆಕೆಂಡಿನತ್ತ ಏರಿತೆಂದರೆ ತಾನಾಗಿ ಹಿಂದೆ ಸರಿದು ಬೇರೆಯವರ ಸಂಚಾರಕ್ಕೆ ದಾರಿ ಬಿಡುತ್ತದೆ. ಅದರ ಹಿಂದಿರುವ ಲೆಡ್‌ಬ್ಯಾಟ್ ಎಂಬ ಸೂತ್ರವನ್ನು ಇಂಟರ್‌ನೆಟ್ ಮಾನಕಗಳ ಸಂಸ್ಥೆ 2012ರಲ್ಲಿ ಆರ್‌ಎಫ್‌ಸಿ 6817 ಎಂಬ ದಾಖಲೆಯಾಗಿ ಪ್ರಕಟಿಸಿತು. ಸೆಟ್ಟಿಂಗ್ಸಿನಲ್ಲಿ ಮ್ಯೂಟಿಪಿ ಆನ್ ಆಗಿದೆಯೇ ನೋಡಿ. ಆದರೆ ಎದುರಿನವರೆಲ್ಲ ಅದನ್ನೇ ಬಳಸುತ್ತಾರೆಂಬ ಖಾತ್ರಿಯಿಲ್ಲ, ಆದ್ದರಿಂದ ಕೈಯಾರೆ ಒಂದು ಮಿತಿ ಹಾಕುವುದು ಒಳ್ಳೆಯದು. ವೇಗ ಪರೀಕ್ಷೆ ಮಾಡಿ, ಬಂದ ಅಪ್‌ಲೋಡ್ ಸಂಖ್ಯೆಯ ಶೇ. 80ರಷ್ಟು ಇಡಿ. ಪರೀಕ್ಷೆ ಹೇಳುವುದು ಮೆಗಾಬಿಟ್, ತಂತ್ರಾಂಶ ಕೇಳುವುದು ಕಿಲೋಬೈಟ್, ಹಾಗಾಗಿ 1,000ದಿಂದ ಗುಣಿಸಿ 8ರಿಂದ ಭಾಗಿಸಬೇಕು. 10 ಮೆಗಾಬಿಟ್ ಎಂದರೆ ಸೆಕೆಂಡಿಗೆ 1,250 ಕಿಲೋಬೈಟ್, ಅದರ ಶೇ. 80 ಎಂದರೆ 1,000. ಅಷ್ಟನ್ನು ತುಂಬಿದರೆ ಸಾಕು.

ಮಿತಿಯಾದ ಮೇಲೆ ಗಮನಿಸಬೇಕಾದದ್ದು ಪೋರ್ಟ್, ಅಂದರೆ ಹೊರಗಿನವರು ನಿಮ್ಮ ತಂತ್ರಾಂಶಕ್ಕೆ ಬರುವ ಬಾಗಿಲು. ನೀವು ಹೊರಗಿನವರನ್ನು ಸಂಪರ್ಕಿಸಬಲ್ಲಿರಿ, ಆದರೆ ಹೊರಗಿನವರು ನಿಮ್ಮನ್ನು ತಲುಪಬಲ್ಲರೇ? ಮನೆಯ ರೂಟರ್ ಗೊತ್ತಿಲ್ಲದವರನ್ನು ಹೊರಗೇ ತಡೆಯುತ್ತದೆ. ಹೀಗೆ ಬಾಗಿಲು ಹಾಕಿಕೊಂಡ ಇಬ್ಬರು ಪರಸ್ಪರ ಸೇರುವುದು ಕಷ್ಟ, ಆಗ ಅದೇ ಕಡತ ಹಂಚಿಕೊಳ್ಳುತ್ತಿರುವ ಗುಂಪಿನ ದೊಡ್ಡ ಭಾಗವೇ ನಿಮ್ಮ ಕೈಗೆ ಸಿಗುವುದಿಲ್ಲ. ತಂತ್ರಾಂಶ ಬಳಸುವ ಪೋರ್ಟ್ ಸಂಖ್ಯೆಯನ್ನು ರೂಟರಿನಲ್ಲಿ ನಿಮ್ಮ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಬೇಕು, ಅಥವಾ ಯುಪಿಎನ್‌ಪಿ ಆನ್ ಮಾಡಿ ಅದಕ್ಕೇ ಬಿಡಬೇಕು. ಯುಪಿಎನ್‌ಪಿ ಸುಲಭ ಹೌದು, ಆದರೆ ಮನೆಯ ಜಾಲದಲ್ಲಿರುವ ಯಾವ ತಂತ್ರಾಂಶ ಕೇಳಿದರೂ ಅದು ಬಾಗಿಲು ತೆರೆಯುತ್ತದೆ. ನನ್ನ ಮತ ಕೈಯಾರೆ ಮಾಡುವುದಕ್ಕೇ.

ಇಷ್ಟಾದರೂ ಪ್ರಯೋಜನವಾಗದಿದ್ದರೆ ರೂಟರಿನ ಹೊರವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ಹಳೆಯ ಐಪಿವಿ4 ವಿಳಾಸಗಳು ಬರಿದಾಗಿದ್ದರ ಫಲ ಇದು, ನಮ್ಮ ದೇಶದಲ್ಲಿ ತೀರಾ ಸಾಮಾನ್ಯ. ಆಗ ರೂಟರಿನಲ್ಲಿ ಎಷ್ಟು ತಿರುಚಿದರೂ ಐಪಿವಿ4ರ ಬಾಗಿಲು ತೆರೆಯದು. ಐಪಿವಿ6 ಇದ್ದರೆ ಬಳಸಿ, ಕಂಪ್ಯೂಟರಿನ ಫೈರ್‌ವಾಲ್‌ನಲ್ಲಿ ಮತ್ತು ರೂಟರಿನಲ್ಲಿ ಅದೇ ಪೋರ್ಟಿಗೆ ಅನುಮತಿ ಕೊಡಿ.

ಸಂಪರ್ಕಗಳ ಸಂಖ್ಯೆ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂಬುದು ಹಳೆಯ ನಂಬಿಕೆ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಏಕಕಾಲಕ್ಕೆ ಅರ್ಧ ತೆರೆದ ಸಂಪರ್ಕಗಳು ಹತ್ತನ್ನು ಮೀರದಂತೆ ತಡೆಯಿತು, ಜನ ವ್ಯವಸ್ಥೆಯ ಕಡತವನ್ನೇ ತಿದ್ದಿ ಅದನ್ನು ಮುರಿದರು. ನಂಬಿಕೆ ಅಲ್ಲಿಂದ ಗಟ್ಟಿಯಾಯಿತೇನೋ. ಇಂದು ಸಾವಿರಾರು ಸಂಪರ್ಕ ತೆರೆದರೆ ಅಗ್ಗದ ರೂಟರಿನ ಸಂಪರ್ಕ ಪಟ್ಟಿ ತುಂಬಿ ಇಡೀ ಮನೆಯ ಇಂಟರ್‌ನೆಟ್ ನಿಲ್ಲುತ್ತದೆ. ಒಟ್ಟು 200ಕ್ಕೆ ಇಳಿಸಿ ನೋಡಿ, ಬಹುಪಾಲು ವ್ಯತ್ಯಾಸವೇ ಗೊತ್ತಾಗದು.

ಇನ್ನುಳಿದವು ಸಣ್ಣಪುಟ್ಟವು. ಹಂಚುವವರ ವಿಳಾಸ ಕೊಡುವ ಟ್ರ್ಯಾಕರ್ ಸರ್ವರುಗಳ, ಅಲ್ಲಿಲ್ಲಿ ಸಿಗುವ ಉದ್ದುದ್ದ ಪಟ್ಟಿಗಳನ್ನು ಅಂಟಿಸುವುದರಿಂದ ದೊಡ್ಡ ಲಾಭವಿಲ್ಲ. ಯಾರ ಬಳಿ ಏನಿದೆ ಎಂಬ ಮಾಹಿತಿಯನ್ನು ಲಕ್ಷಾಂತರ ಕಂಪ್ಯೂಟರುಗಳೇ ಹಂಚಿಕೊಂಡು ಇಟ್ಟುಕೊಳ್ಳುವ ಡಿಎಚ್‌ಟಿ ಆ ಕೆಲಸ ಮಾಡುತ್ತದೆ, ಅದು ಆನ್ ಇರಲಿ. ತುಂಡುಗಳನ್ನು ಅನುಕ್ರಮವಾಗಿ ಇಳಿಸುವ ಆಯ್ಕೆಯನ್ನು ಅಗತ್ಯವಿಲ್ಲದೆ ಒತ್ತಬೇಡಿ. ತಂತ್ರಾಂಶ ಸಹಜವಾಗಿ ಗುಂಪಿನಲ್ಲಿ ಅಪರೂಪವಾಗಿರುವ ತುಂಡನ್ನೇ ಮೊದಲು ತರುತ್ತದೆ, ಅದನ್ನು ಹಿಡಿದಿದ್ದ ಒಬ್ಬನೇ ವ್ಯಕ್ತಿ ಹೊರಟುಹೋದರೆ ಕಡತ ಶೇ. 99ರಲ್ಲಿ ನಿಲ್ಲಬಾರದೆಂದು. ಪೆನ್‌ಡ್ರೈವಿಗೆ ಇಳಿಸುವವರು ಅದು ಎಫ್‌ಎಟಿ32 ವಿನ್ಯಾಸದ್ದಲ್ಲವೆಂದು ನೋಡಿಕೊಳ್ಳಿ, 4 ಗಿಗಾಬೈಟ್ ಮೀರಿದ ಕಡತ ಅದರಲ್ಲಿ ಕೂರದು.

ಯಾವ ತಂತ್ರಾಂಶ? ಕ್ಯೂಬಿಟ್‌ಟೊರೆಂಟ್ ಅಥವಾ ಟ್ರಾನ್ಸ್‌ಮಿಷನ್. ಎರಡೂ ಉಚಿತ, ಮುಕ್ತ ಆಕರದವು. ಇನ್ನೊಂದು ತಂತ್ರಾಂಶವಾದ ಮ್ಯೂಟೊರೆಂಟಿನ ಬಗ್ಗೆ ಎಚ್ಚರ: 2015ರಲ್ಲಿ ಅದರ ಜೊತೆ ಕ್ರಿಪ್ಟೊ ನಾಣ್ಯ ಅಗೆಯುವ ತಂತ್ರಾಂಶವೂ ಕಂಪ್ಯೂಟರಿಗೆ ನುಗ್ಗುತ್ತಿದೆ ಎಂದು ಬಳಕೆದಾರರು ದೂರಿದ್ದರು. ಇಳಿಸುವುದೇನು ಎಂಬುದೂ ಮುಖ್ಯ. ಗುಂಪಿನಲ್ಲಿರುವ ಪ್ರತಿಯೊಬ್ಬರಿಗೂ ನಿಮ್ಮ ಐಪಿ ವಿಳಾಸ ಕಾಣುತ್ತದೆ, ಇಳಿಸುವಾಗಲೇ ನೀವು ಹಂಚುತ್ತಲೂ ಇರುತ್ತೀರಿ. ಕದ್ದ ಸಿನಿಮಾ ಆದರೆ ನೋಡಿದ್ದಷ್ಟೇ ಅಲ್ಲ, ಹಂಚಿದ್ದೂ ನಿಮ್ಮ ಲೆಕ್ಕಕ್ಕೆ. ಲಿನಕ್ಸ್, ಲಿಬ್ರೆಆಫೀಸ್, 2012ರಿಂದ ಟೊರೆಂಟ್ ಒದಗಿಸುತ್ತಿರುವ ಇಂಟರ್‌ನೆಟ್ ಆರ್ಕೈವಿನ ಹಳೆಯ ಪುಸ್ತಕಗಳು, ಇಂಥವಕ್ಕೆ ಆ ಭಯವಿಲ್ಲ.

ಇಳಿದ ಮೇಲೆ ಎಷ್ಟು ಹೊತ್ತು ಸೀಡ್ ಮಾಡಬೇಕು? ಕೊಟ್ಟದ್ದು ಪಡೆದದ್ದಕ್ಕೆ ಸಮವಾಗುವವರೆಗೆ, ಅಂದರೆ ಅನುಪಾತ 1 ಮುಟ್ಟುವವರೆಗೆ ಎಂಬುದು ರೂಢಿ. ಲೆಕ್ಕ ಹಾಕಿದರೆ ಇದು ಎಲ್ಲರಿಗೂ ಸಾಧ್ಯವಿಲ್ಲ. ಗುಂಪಿನಲ್ಲಿ ಒಟ್ಟು ಅಪ್‌ಲೋಡ್ ಮತ್ತು ಒಟ್ಟು ಡೌನ್‌ಲೋಡ್ ಒಂದೇ. ಮೊದಲು ಹಂಚಿದವನು ಏನೂ ಪಡೆಯದೆ ಕೊಟ್ಟಿರುವುದರಿಂದ ಉಳಿದವರ ಸರಾಸರಿ 1ಕ್ಕಿಂತ ತುಸು ಕೆಳಗೇ ನಿಲ್ಲಬೇಕು. ತಿಂಗಳ ಡೇಟಾ ಮಿತಿಯಲ್ಲಿ ಅಪ್‌ಲೋಡನ್ನೂ ಎಣಿಸುವ ಯೋಜನೆ ನಿಮ್ಮದಾಗಿದ್ದರೆ 1ಕ್ಕೆ ನಿಲ್ಲುವಂತೆ ಸೆಟ್ ಮಾಡಿ. ಮಿತಿಯಿಲ್ಲದ ಫೈಬರ್ ಇದ್ದರೆ, ಸೀಡ್‌ಗಳು ಎರಡೋ ಮೂರೋ ಉಳಿದಿರುವ ಹಳೆಯ ಟೊರೆಂಟುಗಳನ್ನು ರಾತ್ರಿಯ ವೇಳಾಪಟ್ಟಿಗೆ ಹಾಕಿ ಹಾಗೇ ಬಿಟ್ಟಿರಿ.