ಬೆಂಚಿನಿಂದ ಎದ್ದ ಕೋಚ್

ಆಟಗಾರನಾಗಿ ಸ್ಟೀವ್ ಕೆರ್ ಐದು ಸಲ ಎನ್‌ಬಿಎ ಗೆದ್ದರು, ಆದರೆ ಹೆಚ್ಚಿನ ಹೊತ್ತು ಕೂತಿದ್ದು ಬೆಂಚಿನ ಮೇಲೆ. 1997ರ ಫೈನಲ್ಸ್‌ನಲ್ಲಿ ಜೋರ್ಡನ್ ಪಾಸ್ ಕೊಟ್ಟಾಗ ಗೆಲುವಿನ ಬಾಸ್ಕೆಟ್ ಹಾಕಿದ್ದೂ ಇವರೇ.

ನನಗೆ ಮಾತ್ರ ಅವರು ಹೆಚ್ಚು ಇಷ್ಟವಾಗೋದು ಕೋಚ್ ಆಗಿ. 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿದಾಗ ಕೋಚಿಂಗ್ ಅನುಭವ ಸೊನ್ನೆ. ಮರುವರ್ಷವೇ ಫೈನಲ್ಸ್, ಕ್ಲೀವ್‌ಲ್ಯಾಂಡ್ ಎದುರು 1-2 ಹಿನ್ನಡೆ. ಆಗ 28ರ ಸಹಾಯಕ ನಿಕ್ ಯುರೆನ್ ಹಿಂದಿನ ವರ್ಷದ ಫೈನಲ್ಸ್ ವಿಡಿಯೋ ನೋಡಿ, ಇಗುಡಾಲಾನನ್ನು ಆರಂಭದಲ್ಲೇ ಇಳಿಸೋಣ ಅಂದ. ಆ ಸೀಸನ್ನಿನಲ್ಲಿ ಇಗುಡಾಲಾನನ್ನು ಬೆಂಚಿಗೆ ಕಳಿಸಿದ್ದೇ ಕೆರ್! ಆದರೂ ಒಪ್ಪಿದರು. ಉಳಿದ ಮೂರೂ ಪಂದ್ಯ ತಂಡದ ಪಾಲಾಯಿತು, ಇಗುಡಾಲಾ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ.

ಬೇರೆ ಬಾಸ್ ಆಗಿದ್ದರೆ ಐಡಿಯಾ ತನ್ನದೇ ಅಂತಿದ್ದರೋ ಏನೋ. ಕೆರ್ ಪತ್ರಕರ್ತರ ಮುಂದೆ ಆ ಹುಡುಗನ ಹೆಸರು ಹೇಳಿದರು.